ಮಾಟುಂಗದ ಮನೆ, ನಮ್ಮ ಹೆಸರು



ಮಾಟುಂಗ ಯಾರಿಗೆ ಬೇಡ? ಬೆಳಗ್ಗೆ ಮಲ್ಲಿಗೆ ಮಾಲೆ, ಫಿಲ್ಟರ್ ಕಾಫಿ. ಸಂಜೆ ಫೈವ್ ಗಾರ್ಡನ್ಸ್, ಇಲ್ಲವೇ ಮೈಸೂರು ಅಸೋಸಿಯೇಷನ್. ಆದರೆ ಇಲ್ಲಿಯ ಹಳೆ ಕಟ್ಟಡಗಳಲ್ಲಿ ಪಗಡಿ ಮನೆಗಳೂ ಇವೆ. ಪಗಡಿ ಎಂದರೆ ಮಾಲೀಕತ್ವವಲ್ಲ, ಬಾಡಿಗೆ ಹಕ್ಕು ಅಷ್ಟೆ.

ನಮ್ಮವರು ತೀರಿಕೊಂಡಾಗ ಬಾಡಿಗೆ ರಸೀದಿ ಅವರ ಹೆಸರಿನಲ್ಲೇ ಇತ್ತು. ಮೂವತ್ತು ವರ್ಷ ಅದೇ ಅಡುಗೆಮನೆಯಲ್ಲಿ ಬೆಂದ ನಾನು, ಅಲ್ಲೇ ವಾಸವಿದ್ದೆನೆಂದು ರೇಷನ್ ಕಾರ್ಡ್ ಹಿಡಿದು ರುಜುವಾತು ಮಾಡಬೇಕಾಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಜೊತೆಗೆ ವಾಸವಿದ್ದ ಕುಟುಂಬದವರ ಕೈಬಿಡುವುದಿಲ್ಲ. ಕಾಗದಪತ್ರ ಮಾತ್ರ ನಾವೇ ಜೋಪಾನ ಮಾಡಬೇಕು.

ಹೊಸದಾಗಿ ಕೊಳ್ಳುವವರೇ, ಮಹಾರಾಷ್ಟ್ರದಲ್ಲಿ 2021ರಿಂದ ಮನೆಯನ್ನು ಮಹಿಳೆಯ ಹೆಸರಿನಲ್ಲೇ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇ. 1 ರಿಯಾಯಿತಿಯಿದೆ.

ಇವತ್ತು ಮನೆಗೆ ಹೋದವರೇ ಕಪಾಟು ತೆಗೆದು ನೋಡಿ. ಕಾಗದದಲ್ಲಿ ನಿಮ್ಮ ಹೆಸರಿದೆಯೇ?