ಹೋದ ವರ್ಷದ ಅರ್ಜಿ ಎಲ್ಲಿದೆ?

(ಸವಣೂರಿನ ಒಂದು ಓಣಿಯ ಸಂಘದ ವಾರ್ಷಿಕ ಸಭೆಯಲ್ಲಿ, ಸ್ಥಾನಿಕ ಅಧಿಕಾರಿಗಳ ಸಮಕ್ಷಮದಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣ)



ಹಾರ ಹಾಕುವದು ಮುಗಿಯಿತು. ಖಾರಾ, ಚಹಾ ಆದವು. ಎಲೆ ಅಡಿಕೆಯ ತಾಟೂ ಒಂದು ಸುತ್ತು ಬಂತು. ಖಾರಾ ಮತ್ತು ಎಲೆಯ ವಿಷಯದಲ್ಲಿ ಸವಣೂರಿನವರು ಯಾರಿಗೂ ಕಡಿಮೆ ಬೀಳುವವರಲ್ಲ. ಇನ್ನು ವಾಡಿಕೆಯ ಮೇರೆಗೆ ನಾವು ಅರ್ಜಿ ಕೊಡಬೇಕು, ಸಾಹೇಬರು ಅದನ್ನು ಇಸಕೊಂಡು ‘ನೋಡೋಣ’ ಅನ್ನಬೇಕು, ಫೋಟೋ ತೆಗೆಯಬೇಕು, ಎಲ್ಲರೂ ಮನೆಗೆ ಹೋಗಬೇಕು. ಹೋದ ವರ್ಷವೂ ಹೀಗೆಯೇ ಆಯಿತು.

ನಾನು ಕೆಲವು ವರ್ಷ ಸಾಲಿ ಮಾಸ್ತರನಾಗಿದ್ದವನು. ಮಾಸ್ತರಿಕೆ ಬಿಟ್ಟರೂ ಹಾಜರಿ ಕರೆಯುವ ಚಟ ಬಿಟ್ಟಿಲ್ಲ. ಆದ್ದರಿಂದ ಹೊಸ ಅರ್ಜಿ ಓದುವ ಮೊದಲು ಹೋದ ವರ್ಷದ ಐದು ಅರ್ಜಿಗಳ ಹಾಜರಿ ಕರೆದೆ. ಗಟಾರದ ಅರ್ಜಿ ಗೈರುಹಾಜರು. ದೀಪದ ಕಂಬದ್ದು ಗೈರುಹಾಜರು. ಪ್ಯಾಟಿಯಲ್ಲಿ ಹೆಣ್ಣುಮಕ್ಕಳಿಗೊಂದು ಶೌಚಾಲಯ ಬೇಕೆಂಬುದು ಗೈರುಹಾಜರು. ನಳದ ನೀರು ಬರುವ ವೇಳೆ ಗೊತ್ತುಪಡಿಸಬೇಕೆಂಬುದು, ಮನೆಗಳ ಉತಾರದ್ದು, ಇವೂ ಇಲ್ಲ. ಇವುಗಳಲ್ಲಿ ಒಂದನ್ನು ಹುಡುಕಿಕೊಂಡು ನಾನೇ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವದಿಲ್ಲ. ‘ಮೇಲೆ ಹೋಗಿದೆ’ ಎಂದರು. ಆ ಕಟ್ಟಡಕ್ಕೆ ಮಾಳಿಗೆಯೇ ಇಲ್ಲ. (ನಗು)

ನಗಬೇಡಿರಿ. ತಪ್ಪು ನಮ್ಮದೂ ಇದೆ. ಅರ್ಜಿ ಕೊಟ್ಟ ಫೋಟೋ ನಮ್ಮಲ್ಲಿದೆ, ಆವಕ ನಂಬರು ಇಲ್ಲ. ಗಿರಣಿಯ ಗೆಳೆಯರನ್ನು ಕೇಳುತ್ತೇನೆ: ಬೋನಸ್ಸಿನ ಮಾತನ್ನು ನೀವು ಮಾಲಕನಿಗೆ ಹಾರ ಹಾಕಿ ಮುಗಿಸಿಬಿಡುತ್ತೀರೇನು? ಕರಾರು ಬರೆಯಿಸಿ ಸಹಿ ತಕ್ಕೊಳ್ಳುತ್ತೀರಿ. 1965ರ ಬೋನಸ್ ಕಾಯ್ದೆಯಲ್ಲಿ ಶೇಕಡಾ 8.33 ಎಂದು ಅಂಕಿ ಬರೆದಿತ್ತು. ‘ನೋಡೋಣ’ ಎಂದು ಬರೆದಿರಲಿಲ್ಲ. ಕಿರಾಣಿ ಅಂಗಡಿಯವರು ಉದ್ರಿ ಕೊಟ್ಟರೆ ವಹಿಯಲ್ಲಿ ಬರೆದಿಡುತ್ತಾರೆ. ಊರಿನ ಕೆಲಸಕ್ಕೆ ಮಾತ್ರ ನಾವು ವಹಿ ಇಡಲಿಲ್ಲ.

ಈಗ ಕಾಯ್ದೆಯ ಮಾತು. ನಮ್ಮ ತಾಲೂಕಿನ ಯಾವುದೇ ಹಳ್ಳಿಯ ರೈತನಿಗೆ ಒಂದು ಹಕ್ಕು ಇದೆ. 1993ರ ಪಂಚಾಯತ ರಾಜ್ ಕಾಯ್ದೆಯ ಪ್ರಕಾರ ಅವನ ಊರಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಬೇಕು, ಲೆಕ್ಕ ಮುಂದಿಡಬೇಕು. ನಡೆಯುವ ರೀತಿ ಬೇರೆ ಮಾತು, ಹಕ್ಕಂತೂ ಇದೆ. ಪಟ್ಟಣದವರಿಗೆ? ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರಲ್ಲಿ ವಾರ್ಡ್ ಸಮಿತಿ ಕಡ್ಡಾಯವಾದದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ಊರಿಗೆ ಮಾತ್ರ. 2011ರ ಜನಗಣತಿಯಲ್ಲಿ ಸವಣೂರು ಪಟ್ಟಣದ ಜನ ಸುಮಾರು 40 ಸಾವಿರ. ಅಂದರೆ ಆ ಕಡ್ಡಾಯ ನಮಗೆ ತಗಲಲಿಲ್ಲ. ಹಳ್ಳಿಗೂ ಸೇರದೆ ಶಹರಕ್ಕೂ ಸೇರದೆ ನಡುವೆ ಉಳಿದವರು ನಾವು.

ಡಾ. ರಾಮಮನೋಹರ ಲೋಹಿಯಾ ಅವರು ರಾಜ್ಯವು ನಾಲ್ಕು ಕಂಬಗಳ ಮೇಲೆ ನಿಲ್ಲಬೇಕೆಂದರು: ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ. ನಮ್ಮ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬರು 1983ರ ಕಾಯ್ದೆಯಿಂದ ಆ ಕೆಳಗಿನ ಎರಡು ಕಂಬಗಳನ್ನು ಎತ್ತಿ ನಿಲ್ಲಿಸಿದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆಗಳಾದವು, ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಣ್ಣುಮಕ್ಕಳಿಗೆ ಬಂತು. ನಮ್ಮಂಥ ಸಣ್ಣ ಪಟ್ಟಣದ ಓಣಿಗೆ ಆ ಗಾಳಿ ಮುಟ್ಟಲಿಲ್ಲ. ಓಣಿಯ ಸಂಘ ಇದ್ದರೂ ಅದು ಕೇಳುವ ಮಾತಿಗೆ ಉತ್ತರ ಕೊಡಲೇಬೇಕೆಂಬ ಕಟ್ಟು ಇಲ್ಲ.

ಇದರಿಂದ ಏನಾಗುತ್ತದೆ ಎಂಬುದನ್ನು ಹೇಳಲು ಬೇರೆ ಊರಿನ ಉದಾಹರಣೆ ಬೇಕಾಗಿಲ್ಲ. 2010ರ ಜುಲೈ 20. ಇದೇ ಸವಣೂರು. ಪುರಸಭೆಯ ಕಚೇರಿಯ ಮುಂದೆ ಭಂಗಿ ಸಮಾಜದ ನಮ್ಮ ಬಾಂಧವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಸುಮಾರು 70 ವರ್ಷಗಳಿಂದ ತಾವು ಬಾಳಿದ ಜಾಗೆಯಿಂದ ತಮ್ಮನ್ನು ಎಬ್ಬಿಸಿ, ಅಲ್ಲಿ ವ್ಯಾಪಾರದ ಮಳಿಗೆ ಕಟ್ಟುವ ಯೋಜನೆ ನಡೆದಿದೆ ಎಂಬುದು ಅವರ ತಕರಾರು. ಮಲ ಹೊರಿಸುವ ಕೆಲಸವನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1993ರಲ್ಲಿ. ಅದಕ್ಕೂ ಮೊದಲು, 1970ರ ದಶಕದಲ್ಲಿಯೇ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಹೊರುವದನ್ನು ನಿಲ್ಲಿಸಬೇಕೆಂದು ಹೊರಟಿದ್ದರು. ಕಾಯ್ದೆಗೆ 17 ವರ್ಷವಾಗಿದ್ದಾಗ, ಇಲ್ಲವೆಂದು ಕಾಗದದಲ್ಲಿ ಬರೆದದ್ದು ಇದೆ ಎಂದು ಅವರು ಹಾಡುಹಗಲು ತೋರಿಸಿಕೊಟ್ಟರು.

ಆ ದಿನ ಊರಿನ ಹೆಸರು ದೇಶದ ಪತ್ರಿಕೆಗಳಲ್ಲಿ ಬಂತು. ‘ಊರಿನ ಮಾನ ಹೋಯಿತು’ ಎಂದು ಹಲಬಿದವರು ಉಂಟು. ನಾನು ಕೇಳುವದು ಬೇರೆ. ಮನುಷ್ಯ ಇಷ್ಟಕ್ಕೆ ಇಳಿಯುವ ಮೊದಲು ಎಷ್ಟು ಬಾಗಿಲು ತಟ್ಟಿರಬೇಕು? ಅವರ ತಕರಾರನ್ನು ಊರೆಲ್ಲ ಕೂಡಿ ಕೇಳುವ ಸಭೆ ಎಲ್ಲಿತ್ತು? ವ್ಯಾಪಾರಿ ಬಂಧುಗಳೇ, ಸಿಟ್ಟು ಮಾಡಿಕೊಳ್ಳಬೇಡಿರಿ: ಮಳಿಗೆ ಎಂದರೆ ಅದು ನಮ್ಮಂಥವರಿಗಾಗಿಯೇ ತಾನೆ? ಆ ಮಳಿಗೆಯ ಹರಾಜಿನಲ್ಲಿ ನಾಳೆ ನನಗೊಂದು ಸಿಕ್ಕೀತೆಂಬ ಆಸೆಯಿಂದ ಬಾಯಿ ಮುಚ್ಚಿಕೊಳ್ಳುವ ಸ್ವಭಾವ ನಮ್ಮಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ನಾನಂತೂ ಹೇಳಲಾರೆ.

ಇನ್ನೊಂದು ಸಂಗತಿ. ನಮ್ಮ ದೊಡ್ಡಹುಣಸೆ ಕಲ್ಮಠದ ಮೂರು ಮರಗಳಲ್ಲಿ ಒಂದು 2023ರ ಜುಲೈದಲ್ಲಿ ಬಿತ್ತು. ಜನ ಅತ್ತರು. ಯಂತ್ರಗಳು ಬಂದವು, ಬಿದ್ದ ಮರವನ್ನು ಎತ್ತಿ ಮತ್ತೆ ನೆಟ್ಟರು. ಒಳ್ಳೆಯ ಕೆಲಸ, ಮಾಡಿದವರಿಗೆ ನನ್ನ ನಮಸ್ಕಾರ. ಅಂದರೆ ಮನಸ್ಸಾದರೆ ಈ ಊರಿನಲ್ಲಿ ಕೆಲಸ ಬೇಗ ಆಗುತ್ತದೆ. ಉಪವಿಭಾಗದ ಕಚೇರಿಯೂ ಇಲ್ಲಿಯೇ ಇದೆ, ಹಾವೇರಿಯೇನು ದೂರವೂ ಅಲ್ಲ. ಬೇರು ಕಿತ್ತುಬಂದ ಮರಕ್ಕೆ ಸಿಕ್ಕ ಲಕ್ಷ್ಯ ಬೇರು ಕೀಳಿಸಿಕೊಳ್ಳುವ ಕುಟುಂಬಕ್ಕೂ ಸಿಗಬೇಕೆಂದು ಕೇಳಿದರೆ ಹೆಚ್ಚಾಯಿತೇ?

ಅಧಿಕಾರಿ ಮಹನೀಯರಲ್ಲಿ ವಿನಂತಿ. ನಿಮ್ಮ ಮೇಲೆ ವೈಯಕ್ತಿಕ ಸಿಟ್ಟಿಲ್ಲ. ನೀವು ಬದಲಿಯಾಗಿ ಹೋಗುತ್ತೀರಿ. ನಿಮ್ಮೊಡನೆ ‘ನೋಡೋಣ’ ಎಂಬ ಮಾತೂ ಬದಲಿಯಾಗಿ ಹೋಗುತ್ತದೆ. ಬರುವ ಸಾಹೇಬರು ಮತ್ತೆ ಹೊಸದಾಗಿ ನೋಡಲು ಆರಂಭಿಸುತ್ತಾರೆ. ಆದ್ದರಿಂದ ಇಂದು ಪ್ರತಿಯೊಂದು ಅರ್ಜಿಯ ಮೇಲೆ ಆವಕ ನಂಬರು ಹಾಕಿ, ಯಾರ ಕಡೆಗೆ ಹೋಗುತ್ತದೆ, ಎಷ್ಟು ದಿನಗಳಲ್ಲಿ ಉತ್ತರ ಬರುತ್ತದೆ ಎಂದು ಬರೆದುಕೊಡಿರಿ. ಆಗದ ಕೆಲಸವಾದರೆ ಆಗುವದಿಲ್ಲವೆಂದೇ ಬರೆಯಿರಿ. ನಾವು ಬೇರೆ ದಾರಿ ನೋಡುತ್ತೇವೆ. ಬರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ, ಮೂವತ್ತು ದಿನ. ಈ ಓಣಿಯಲ್ಲಿ ಹತ್ತು ರೂಪಾಯಿ ಕೊಡಲಾರದವರು ಯಾರೂ ಇಲ್ಲ.

ಬೀದಿ ಬದಿಯ ವ್ಯಾಪಾರಿಗಳಿಗೆ ಒಂದು ಮಾತು. 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಸದಸ್ಯರು ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಎಲೆ ಮಾರುವ ಅಕ್ಕನಿಗೆ ಆ ಸಮಿತಿಯಲ್ಲಿ ಖುರ್ಚಿ ಹಾಕಿಸುವದು ನಿಮ್ಮ ಕೈಯಲ್ಲಿದೆ. ಎಬ್ಬಿಸಿ ಕಳಿಸಿದ ಮೇಲೆ ಓಡಿಬಂದು ಅಳುವದಕ್ಕಿಂತ ಎಬ್ಬಿಸುವ ಮಾತು ನಡೆಯುವಲ್ಲಿ ಕುಳಿತಿರುವದು ಮೇಲು.

ಸಂಘದವರಿಗೂ ಎರಡು ಸೂಚನೆ. ಈ ಸಭೆ ವರ್ಷಕ್ಕೊಮ್ಮೆ ಬೇಡ. ಹಳ್ಳಿಯವರಂತೆ ಆರು ತಿಂಗಳಿಗೊಮ್ಮೆ ಕೂಡೋಣ, ಹಾರದ ಖರ್ಚನ್ನು ಬಿಟ್ಟರೆ ಅದು ಕಠಿಣವಲ್ಲ. ಎರಡನೆಯದು, ಮೊದಲು ಮಾತಾಡುವವರು ಯಾರು ಎಂಬುದು. ಇಂದಿನವರೆಗೆ ದೊಡ್ಡ ಮನೆಯಿಂದ ಆರಂಭವಾಗುತ್ತಿತ್ತು. ಕೊನೆಯ ಮನೆಗೆ ಬರುವಷ್ಟರಲ್ಲಿ ಸಾಹೇಬರ ಗಾಡಿ ಹೊರಟಿರುತ್ತಿತ್ತು. ಇಂದು ಕೊನೆಯ ಮನೆಯಿಂದ ಆರಂಭಿಸೋಣ. ನಮ್ಮ ಗಟಾರು ಬಳಿಯುವ ಅಣ್ಣ ಹಿಂದೆ ಬಾಗಿಲ ಹತ್ತಿರ ನಿಂತಿದ್ದಾನೆ. ಪಾಯಖಾನೆಯ ಗುಂಡಿ ತುಂಬಿದಾಗ ಯಂತ್ರ ಬರುತ್ತದೆಯೋ ಇಲ್ಲವೇ ಅವನನ್ನೇ ಇಳಿಸುತ್ತಾರೆಯೋ, ಅವನೇ ಹೇಳಲಿ. ಇಳಿಸುವದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿಸುವವನು ಅಧಿಕಾರಿಯಿರಲಿ, ನಮ್ಮ ಓಣಿಯ ಮನೆಯ ಯಜಮಾನನಿರಲಿ.

ಅಣ್ಣಾ, ಮುಂದೆ ಬಾ. ಇಲ್ಲಿ, ಈ ಖುರ್ಚಿಯ ಮೇಲೆ. ಕಾರ್ಯದರ್ಶಿಗಳು ವಹಿ ತೆರೆದು ಇವತ್ತಿನ ತಾರೀಖು ಬರೆಯಲಿ. ನನ್ನ ಮಾತು ಮುಗಿಯಿತು.