ಎರೆಭೂಮಿಗೆ ಬಸಿಗಾಲುವೆ

(ತಿಕೋಟಾ, ಬಬಲೇಶ್ವರ ಭಾಗದ ರೈತರನ್ನು ಉದ್ದೇಶಿಸಿದ ಭಾಷಣ)



ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿ.ಮೀ. ಆಸುಪಾಸು. ಇಂಥ ಬರದ ಸೀಮೆಯಲ್ಲಿ ನೀರು ಹೊರಹಾಕುವ ಮಾತೇಕೆ ಎಂದು ಕೇಳುವುದು ಸಹಜ. ಆದರೆ ತಿಕೋಟಾದ ದ್ರಾಕ್ಷಿ ತೋಟಗಳು ಹನಿ ನೀರಾವರಿಯಲ್ಲಿ ಬೆಳೆದಿವೆ. ಬಬಲೇಶ್ವರದ ಕಡೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ನೀರು ಬಂದಲ್ಲಿ ಹೆಚ್ಚಾದ ನೀರಿಗೆ ದಾರಿಯೂ ಬೇಕು. ಮಲಪ್ರಭಾ ಮತ್ತು ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಈ ದಾರಿಯಿಲ್ಲದೆ ಎಷ್ಟೋ ಒಳ್ಳೆಯ ಹೊಲಗಳು ಸವಳು-ಜವಳಾದವು. ಆ ಪಾಠವನ್ನು ಇಲ್ಲಿ ಮೊದಲೇ ಕಲಿಯುವುದು ಲೇಸು.

ಎರೆಮಣ್ಣಿನ ಗುಣ

ಎರೆಮಣ್ಣಿನಲ್ಲಿ ಜೇಡಿಕಣಗಳ ಪಾಲು ಸಾಮಾನ್ಯವಾಗಿ ನೂರಕ್ಕೆ 40 ರಿಂದ 60. ಬೇಸಿಗೆಯಲ್ಲಿ ಈ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ಗಟಗಟನೆ ಇಳಿಯುತ್ತದೆ. ಮಣ್ಣು ನೆನೆದು ಉಬ್ಬಿದೊಡನೆ ಬಿರುಕು ಮುಚ್ಚುತ್ತದೆ. ಆಮೇಲೆ ತಾಸಿಗೆ ಕೆಲವೇ ಮಿಲಿಮೀಟರ್ ನೀರು ಇಳಿದರೆ ಹೆಚ್ಚು. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದಾಗ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ನೆಲದೊಳಗಿನ ನೀರು ಮೇಲಕ್ಕೇರಿ ಆರಿದಾಗ ಅದರಲ್ಲಿದ್ದ ಉಪ್ಪು ಮೇಲೆ ಬಿಳಿ ಪದರಾಗಿ ಉಳಿಯುತ್ತದೆ. ಸಾಲ ಮಾಡಿ ಹಂದರ ಹಾಕಿದ ದ್ರಾಕ್ಷಿ ತೋಟದಲ್ಲಿ ಇದು ಒಂದು ಬೆಳೆಯ ನಷ್ಟವಲ್ಲ. ಹಲವು ವರ್ಷ ಫಲ ಕೊಡಬೇಕಾದ ಬಳ್ಳಿಯದೇ ನಷ್ಟ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಮಳೆ ನಿಂತ ಎರಡನೆಯ ದಿನ ಹೊಲದ ಎತ್ತರ, ನಡು ಮತ್ತು ತಗ್ಗಿನ ಜಾಗಗಳಲ್ಲಿ ಒಂದೂವರೆ ಮೀಟರ್ ಆಳದ ಗುಣಿ ಕೊರೆದು, ಸುತ್ತ ತೂತು ಮಾಡಿದ ಪಿ.ವಿ.ಸಿ. ಕೊಳವೆಯನ್ನು ನಿಲ್ಲಿಸಬೇಕು. ಕೋಲು ಇಳಿಬಿಟ್ಟು ನೀರಿನ ಮಟ್ಟವನ್ನು ದಿನವೂ ಬರೆದಿಡಬೇಕು. ಮೇಲೆ ನೀರು ನಿಂತಿದ್ದು ಕೊಳವೆ ಒಣಗಿದ್ದರೆ ತೊಂದರೆ ಮೇಲ್ಮಣ್ಣಿನದು. ತೆರೆದ ಕಾಲುವೆ ಸಾಕು. ನೀರು ಒಂದು ಮೀಟರಿನೊಳಗೆ ಬಹಳ ದಿನ ನಿಂತರೆ ಒಳಬಸಿಗಾಲುವೆ ಬೇಕಾದೀತು.

ಮಣ್ಣನ್ನೂ ಪರೀಕ್ಷೆಗೆ ಕೊಡಬೇಕು. ಲವಣಾಂಶದ ಅಳತೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು ಭೂಮಿ. ವಿನಿಮಯ ಸೋಡಿಯಂ ನೂರಕ್ಕೆ 15 ದಾಟಿದರೆ ಕ್ಷಾರ ಭೂಮಿ; ಇದರ ರಸಸಾರ ಸಾಮಾನ್ಯವಾಗಿ 8.5ರ ಮೇಲಿರುತ್ತದೆ. ಕ್ಷಾರ ಭೂಮಿಗೆ ಪರೀಕ್ಷೆಯ ವರದಿಯಂತೆ ಜಿಪ್ಸಂ ಅಗತ್ಯ. ಆದರೆ ಬಸಿಯುವ ದಾರಿ ಇಲ್ಲದೆ ಜಿಪ್ಸಂ ಹಾಕಿದರೆ, ಬಿಡುಗಡೆಯಾದ ಸೋಡಿಯಂ ಹೊಲ ಬಿಟ್ಟು ಹೋಗುವುದಿಲ್ಲ.

ಕಾಲುವೆ ತೆಗೆಯುವ ಕ್ರಮ

ಮೊದಲ ಹೆಜ್ಜೆ ಅಗ್ಗದ್ದು: ಹೊಲದ ಇಳಿಜಾರು ಸರಿಪಡಿಸಿ, ತಗ್ಗಿನ ಬದುವಿನಗುಂಟ ತೆರೆದ ಕಾಲುವೆ ತೆಗೆದು, ಅಗಲವಾದ ಏರುಮಡಿಗಳಲ್ಲಿ ಬೆಳೆಯುವುದು. ಎಷ್ಟೋ ಕಡೆ ಇಷ್ಟರಿಂದಲೇ ಗುಣ ಕಾಣುತ್ತದೆ.

ಒಳಬಸಿಗಾಲುವೆಗೆ ತೂತುಳ್ಳ ಸುಮಾರು 80 ಮಿ.ಮೀ. ಕೊಳವೆಯನ್ನು ನೆಲದಡಿ 0.9 ರಿಂದ 1.2 ಮೀಟರ್ ಆಳದಲ್ಲಿ ಹಾಕುತ್ತಾರೆ. ಜಿಗುಟು ಮಣ್ಣಿನಲ್ಲಿ ಸಾಲುಗಳ ಅಂತರ ಕಡಿಮೆ ಇರಬೇಕು. 10 ರಿಂದ 20 ಮೀಟರ್ ಸಾಮಾನ್ಯ. ನೂರು ಮೀಟರಿಗೆ 20 ರಿಂದ 30 ಸೆಂ.ಮೀ. ಇಳುಕಲು ಕೊಡಬೇಕು. ಮಣ್ಣಿನ ಕಣ ಒಳನುಗ್ಗದಂತೆ ಸೋಸುಬಟ್ಟೆಯನ್ನಾಗಲಿ, ಗರಸು-ಮರಳಿನ ಪದರನ್ನಾಗಲಿ ಸುತ್ತಲೂ ಕೊಡಬೇಕು. ಸಾಲುಗಳು ಕೂಡುವಲ್ಲಿ ತೊಳೆಯಲು ತೊಟ್ಟಿ ಬಿಡಬೇಕು. ಕೊಳವೆ ಇಡುವ ಮುನ್ನ ಹೊರದಾರಿಯ ಮಟ್ಟ ನೋಡುವುದು ಅತ್ಯವಶ್ಯ. ಹಳ್ಳದ ತಳ ಕೊಳವೆಗಿಂತ ಮೇಲಿದ್ದರೆ ನೀರು ತಾನಾಗಿ ಹೋಗದು. ಬಾವಿಯಂಥ ಗುಂಡಿಯಲ್ಲಿ ಕೂಡಿಸಿ ಪಂಪಿನಿಂದ ಎತ್ತಬೇಕು. ಬಸಿದ ನೀರು ಉಪ್ಪಾಗಿರುವುದರಿಂದ ಅದನ್ನು ನೆರೆಯವನ ಹೊಲಕ್ಕಾಗಲಿ ಬಾವಿಯ ಕಡೆಗಾಗಲಿ ಬಿಡಕೂಡದು. ಆದ್ದರಿಂದ ಒಂದು ಹಳ್ಳದ ರೈತರು ಕೂಡಿ ಮಾಡುವುದೇ ಲಾಭಕರ.

ಮರಳು ಸುರಿಯುವ ತಪ್ಪು

ಜಿಗುಟು ನೆಲದಲ್ಲಿ ಗುಂಡಿ ತೋಡಿ ಮರಳು ತುಂಬಿದರೆ ನೀರು ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಸುತ್ತಲಿನ ಎರೆಮಣ್ಣು ನೀರನ್ನು ಬಿಡುವುದಿಲ್ಲ; ಮರಳಿನ ಗುಂಡಿ ಬಾನಿಯಂತೆ ತುಂಬಿ ನಿಲ್ಲುತ್ತದೆ. ದ್ರಾಕ್ಷಿ ಹಚ್ಚುವ ತಗ್ಗುಸಾಲುಗಳಲ್ಲೂ, ಕೊನೆಯಲ್ಲಿ ದಾರಿ ಬಿಡದಿದ್ದರೆ, ಇದೇ ಗತಿ.

ವಿಜಯಪುರ ನಗರದಲ್ಲಿ ಮನೆಯಂಗಳಕ್ಕೋ ಆಟದ ಅಂಕಣಕ್ಕೋ ಕೃತಕ ಹುಲ್ಲುಹಾಸು ಹಾಸುವವರಿಗೂ ಇದೇ ನಿಯಮ. ಹಾಸಿನ ತೂತುಗಳಿಂದ ಇಳಿದ ನೀರು ಎರೆಮಣ್ಣಿನ ಮೇಲೆ ನಿಂತು, ನೆಲ ಮೆತ್ತಗಾಗಿ, ವಾಸನೆ ಹುಟ್ಟುತ್ತದೆ. ಮರಳು ಹೆಚ್ಚಿಸಿದರೆ ಗುಣವಾಗದು. ಹಾಸನ್ನು ಎತ್ತಿ, ಕೆಳಮಣ್ಣಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು, ಸೋಸುಬಟ್ಟೆ ಹಾಸಿ, ಪುಡಿಯಿಲ್ಲದ ಜಲ್ಲಿಯನ್ನು ಅರ್ಧ ಅಡಿಯಷ್ಟು ತುಂಬಬೇಕು. ತಗ್ಗಿನ ಅಂಚಿಗೆ ತೂತುಕೊಳವೆಯಿಟ್ಟು ನೀರನ್ನು ಹೊರಗೆ ಒಯ್ಯಬೇಕು. ನಗರದವರು ಈ ಜಲ್ಲಿಗಾಲುವೆಯನ್ನು ಫ್ರೆಂಚ್ ಡ್ರೇನ್ ಎನ್ನುತ್ತಾರೆ. 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ಲಾಗ್ ಫ್ರೆಂಚ್ ಅವರ ಹೆಸರು ಅದಕ್ಕಿದೆ. ವಿದ್ಯೆ ಹೊಲದಿಂದಲೇ ಊರಿಗೆ ಹೋದದ್ದು.

ಕಡೆಯ ಮಾತು

ಬಸಿಗಾಲುವೆ ಇದೆಯೆಂದು ನೀರು ಧಾರಾಳವಾಗಿ ಬಿಡಬಾರದು. ಮಣ್ಣನ್ನು ಮುಟ್ಟಿ ನೋಡಿ ಹನಿ ನೀರು ಕೊಡಬೇಕು. ಕೊಟ್ಟಿಗೆ ಗೊಬ್ಬರ ಮತ್ತು ಸೆಣಬಿನಂಥ ಹಸಿರೆಲೆ ಗೊಬ್ಬರದಿಂದ ಮಣ್ಣನ್ನು ಹಗುರ ಮಾಡಬೇಕು. ಹಸಿ ಎರೆಯಲ್ಲಿ ಟ್ರ್ಯಾಕ್ಟರ್ ಓಡಿಸಿ ಒಳಪದರನ್ನು ಗಟ್ಟಿ ಮಾಡಬಾರದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಹೆಸರು ಪಡೆದ ನೆಲವಿದು. ನೀರು ಬಂದ ಕಾಲದಲ್ಲಿಯೂ ಆ ಹೆಸರು ಉಳಿಯಬೇಕಾದರೆ, ಈ ಮುಂಗಾರಿಗೆ ಮೊದಲೇ ಪ್ರತಿಯೊಬ್ಬ ರೈತರೂ ತಮ್ಮ ಹೊಲದ ತಗ್ಗಿನಲ್ಲಿ ಒಂದು ಅಳತೆ ಕೊಳವೆ ನಿಲ್ಲಿಸಲಿ.