ಪಿಂಚಣಿಗೆ ಅವಸರ ಬೇಡ



ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತ ಹೊಲವನ್ನೂ ನೋಡಿಕೊಳ್ಳುವವರು ಹಳ್ಳಿಗಳಲ್ಲಿ ಅನೇಕರುಂಟು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಪೂರೈಸಿದವರಿಗೆ 58ನೇ ವಯಸ್ಸಿಗೆ ಕಡಿತವಿಲ್ಲದ ಪಿಂಚಣಿ ದೊರೆಯುತ್ತದೆ. ಕೆಲಸ ಬಿಟ್ಟವರು 50 ತುಂಬಿದ ಮೇಲೆ ಬೇಗನೆ ಪಡೆಯಬಹುದು. ಆದರೆ 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೂ ಶೇಕಡ 4ರಂತೆ ಕಡಿತ, ಅದೂ ಜೀವನಪರ್ಯಂತ. 58ಕ್ಕೆ 3,000 ರೂಪಾಯಿ ಬರಬೇಕಾದವರಿಗೆ 57ಕ್ಕೆ ಬರುವುದು 2,880. 59ರವರೆಗೆ ಕಾದರೆ 3,120, 60ರವರೆಗೂ ಕಾಯಬಹುದು.

ಕೊಳವೆಬಾವಿಯ ಸಾಲಕ್ಕೆಂದು ಅವಸರಪಟ್ಟರೆ, ಸಾಲ ತೀರಿದರೂ ಕಡಿತ ತೀರದು. ಒಲೆ ಉರಿಯಲು ಬೇರೆ ದಾರಿಯೇ ಇಲ್ಲದವರು ಬೇಗ ಪಡೆಯುವುದೇ ಸರಿ.

ಪಿಂಚಣಿ ತಿಂಗಳಿಗೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ, ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ ಆ ಕಾರಣಕ್ಕೆ ತಪ್ಪುವುದಿಲ್ಲ.

ಅರ್ಜಿ ಹಾಕುವ ಮುನ್ನ ಮನೆಯವರೊಡನೆ ಕುಳಿತು ಲೆಕ್ಕ ಹಾಕಿರಿ.